ಪುರಾತತ್ವ ನೆಲೆಗಳ ಕೋಳಿ ಮೂಳೆಗಳು ಮತ್ತು ತಳಿ ಗುರುತಿಸುವಿಕೆ

ಉತ್ಖನನದಲ್ಲಿ ದೊರೆತ ಮೂಳೆಗಳ ಆಧಾರದಿಂದ ಕೋಳಿಯ ಜಾತಿ, ಲಿಂಗ, ವಯಸ್ಸು, ಗಾತ್ರ ಹಾಗೂ ಸಾಧ್ಯವಾದಲ್ಲಿ ತಳಿಲಕ್ಷಣಗಳನ್ನು ನಿರ್ಧರಿಸುವುದು ಪ್ರಾಣಿ ಪುರಾತತ್ವಶಾಸ್ತ್ರದ ಒಂದು ಅಧ್ಯಯನ ವಿಷಯವಾಗಿದೆ. ಕೋಳಿ ತಳಿಗಳು ಮುಖ್ಯವಾಗಿ ಗರಿ, ಜುಟ್ಟು ಮತ್ತು ಚರ್ಮದ ಬಣ್ಣಗಳಿಂದ ಬೇರ್ಪಡುತ್ತವೆ. ಇವು ಸಾಮಾನ್ಯವಾಗಿ ಮಣ್ಣಿನಲ್ಲಿ ಉಳಿಯುವುದಿಲ್ಲ. ಇಂದಿನ ಅರ್ಥದ ತಳಿಗಳಿಗೆ ಲಿಖಿತ ಮಾನದಂಡಗಳು ರೂಪುಗೊಂಡದ್ದೂ 19ನೇ ಶತಮಾನದಲ್ಲಿ (ಬ್ರಿಟನ್ನಿನಲ್ಲಿ 1865, ಅಮೆರಿಕದಲ್ಲಿ 1874). ಆದ್ದರಿಂದ ಮೂಳೆಯಿಂದ ಕೆಲವು ಲಕ್ಷಣಗಳನ್ನು ತಿಳಿಯಬಹುದೇ ಹೊರತು ತಳಿಯ ಹೆಸರನ್ನು ಹೇಳುವುದು ಬಹುತೇಕ ಸಾಧ್ಯವಿಲ್ಲ.

ಜಾತಿಯ ನಿರ್ಣಯ

ಕೋಳಿ, ಫೆಸೆಂಟ್ ಮತ್ತು ಗಿನಿ ಕೋಳಿಗಳ ಮೂಳೆಗಳು ಒಂದನ್ನೊಂದು ಹೋಲುತ್ತವೆ. ಫೆಸೆಂಟ್ ಹಕ್ಕಿಯ ತೊಡೆಮೂಳೆಯ ಮೇಲ್ತುದಿಯಲ್ಲಿ ಗಾಳಿಚೀಲಕ್ಕೆ ಸಂಬಂಧಿಸಿದ ರಂಧ್ರವಿರುತ್ತದೆ, ಕೋಳಿಯಲ್ಲಿ ಅದಿಲ್ಲ. ಸಾಕುಕೋಳಿಯನ್ನು ಅದರ ಮೂಲವಾದ ಕೆಂಪು ಕಾಡುಕೋಳಿಯಿಂದ ಬೇರ್ಪಡಿಸುವುದು ಇನ್ನೂ ಕಷ್ಟ, ಏಕೆಂದರೆ ಆಕಾರ ಒಂದೇ, ಅಳತೆಗಳೂ ಪರಸ್ಪರ ಬೆರೆಯುತ್ತವೆ. ಕರ್ನಾಟಕದ ಪಶ್ಚಿಮ ಘಟ್ಟವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಬೂದು ಕಾಡುಕೋಳಿಯೂ ಇರುವುದರಿಂದ, ಇಲ್ಲಿನ ನೆಲೆಗಳ ಮೂಳೆಗಳಲ್ಲಿ ಆ ಸಾಧ್ಯತೆಯನ್ನೂ ಪರಿಗಣಿಸಬೇಕಾಗುತ್ತದೆ.

ಲಿಂಗ, ವಯಸ್ಸು ಮತ್ತು ಗಾತ್ರ

ಕಾಲಿನ ಹಿಂಬದಿಯ ಮುಳ್ಳು ಸಾಮಾನ್ಯವಾಗಿ ಹುಂಜವನ್ನು ಸೂಚಿಸುತ್ತದೆ. ಆದರೆ ಕೆಲವು ಹೇಟೆಗಳಲ್ಲಿಯೂ ಮುಳ್ಳು ಬೆಳೆಯುತ್ತದೆ. ಎಳೆಯ ಹುಂಜಗಳಲ್ಲಿ ಅದು ಮೂಳೆಗೆ ಇನ್ನೂ ಕೂಡಿಕೊಂಡಿರುವುದಿಲ್ಲ. ಮೊಟ್ಟೆಯಿಡುವ ಹೇಟೆಯ ಉದ್ದಮೂಳೆಗಳ ಒಳಗೆ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಸಂಗ್ರಹಿಸುವ ವಿಶೇಷ ಮೂಳೆ ಅಂಗಾಂಶ ಉಂಟಾಗುತ್ತದೆ. ಇದು ಹೇಟೆಯ ನಿಶ್ಚಿತ ಗುರುತು. ಬೀಜ ತೆಗೆದ ಹುಂಜದ ಕಾಲುಮೂಳೆಗಳು ಹೆಚ್ಚು ಉದ್ದವಾಗುವುದರಿಂದ, ದೊಡ್ಡ ಮೂಳೆ ಕಂಡ ಮಾತ್ರಕ್ಕೆ ದೊಡ್ಡ ತಳಿ ಎನ್ನಲಾಗದು.

ತಳಿಲಕ್ಷಣಗಳು

ಕೆಲವೇ ಲಕ್ಷಣಗಳು ಮೂಳೆಯಲ್ಲಿ ಗುರುತು ಬಿಡುತ್ತವೆ. ತಲೆಯ ಮೇಲೆ ದೊಡ್ಡ ಗರಿತುರಾಯಿ ಇರುವ ಕೋಳಿಗಳ ತಲೆಬುರುಡೆ ಮೇಲಕ್ಕೆ ಉಬ್ಬಿರುತ್ತದೆ. ಇಂತಹ ಬುರುಡೆ ರೋಮನ್ ಕಾಲದ ಬ್ರಿಟನ್ನಿನಲ್ಲಿ ದೊರೆತಿದೆ. ಐದು ಬೆರಳುಗಳ ಕೋಳಿಗಳನ್ನು 1ನೇ ಶತಮಾನದ ರೋಮನ್ ಲೇಖಕ ಕೊಲುಮೆಲ್ಲಾ ಶ್ರೇಷ್ಠವೆಂದು ಹೇಳಿದ್ದಾನೆ. ಇಂಗ್ಲೆಂಡಿನ ಡಾರ್ಕಿಂಗ್ ತಳಿಗೂ ಐದು ಬೆರಳುಗಳಿವೆ. ಆದರೆ ಆ ಸಾಮ್ಯದಿಂದ ಮಾತ್ರ ರೋಮನ್ ಕೋಳಿಯನ್ನು ಡಾರ್ಕಿಂಗ್ ಎಂದು ಕರೆಯಲಾಗದು.

ಪ್ರಾಚೀನ ಡಿಎನ್‌ಎ

ಮೂಳೆಯಲ್ಲಿ ಉಳಿದ ಡಿಎನ್‌ಎ ಕಣ್ಣಿಗೆ ಕಾಣದ ಲಕ್ಷಣಗಳನ್ನೂ ತಿಳಿಸಬಲ್ಲದು. ಹಳದಿ ಚರ್ಮದ ವಂಶವಾಹಿ ರೂಪವು ಬೂದು ಕಾಡುಕೋಳಿಯಿಂದ ಸಾಕುಕೋಳಿಗೆ ಬಂದಿತೆಂದು 2008ರಲ್ಲಿ ತಿಳಿದುಬಂದಿತು. ಇಂದಿನ ವಾಣಿಜ್ಯ ತಳಿಗಳಲ್ಲಿ ಸಾಮಾನ್ಯವಾಗಿರುವ ಈ ರೂಪವು ಯುರೋಪಿನ ಪ್ರಾಚೀನ ಕೋಳಿಗಳಲ್ಲಿ ಬಹುತೇಕ ಇರಲಿಲ್ಲವೆಂದು 2014ರ ಅಧ್ಯಯನ ತೋರಿಸಿತು. ಹೀಗಾಗಿ ಆಧುನಿಕ ತಳಿಯ ಲಕ್ಷಣಗಳನ್ನು ಪ್ರಾಚೀನ ಕೋಳಿಗೆ ಆರೋಪಿಸುವುದು ಸರಿಯಲ್ಲ.

ಕಾಲನಿರ್ಣಯದ ಸಮಸ್ಯೆ

ಕೋಳಿಯ ಸಣ್ಣ ಮೂಳೆಗಳು ಬಿಲ ಹಾಗೂ ಗುಂಡಿಗಳ ಮೂಲಕ ಹಳೆಯ ಪದರಗಳಿಗೆ ಇಳಿಯಬಲ್ಲವು. ಪಶ್ಚಿಮ ಯುರೇಷ್ಯಾ ಮತ್ತು ವಾಯವ್ಯ ಆಫ್ರಿಕದ ಅತಿ ಪ್ರಾಚೀನವೆನ್ನಲಾದ 23 ಕೋಳಿಗಳ ಮೂಳೆಗಳನ್ನು ರೇಡಿಯೋಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ, 18 ಮೂಳೆಗಳು ಭಾವಿಸಿದ್ದಕ್ಕಿಂತ ಇತ್ತೀಚಿನವೆಂದು 2022ರಲ್ಲಿ ಪ್ರಕಟವಾಯಿತು. ಇದರಿಂದ ಯುರೋಪಿಗೆ ಕೋಳಿ ಬಂದ ಕಾಲವನ್ನು ಸುಮಾರು ಕ್ರಿ.ಪೂ. 800 ಎಂದು ಪರಿಷ್ಕರಿಸಲಾಯಿತು. ಅದೇ ವರ್ಷದ ಮತ್ತೊಂದು ಅಧ್ಯಯನವು ಸಾಕುಕೋಳಿಯ ಖಚಿತವಾದ ಅತಿ ಹಳೆಯ ಮೂಳೆಗಳು ಥೈಲ್ಯಾಂಡಿನ ಬಾನ್ ನಾನ್ ವಾಟ್ ನೆಲೆಯವು (ಕ್ರಿ.ಪೂ. 1650–1250) ಎಂದು ಗುರುತಿಸಿತು.