ಫಾರಿನ್ ಸ್ಪ್ಯಾನರ್, ದೇಶಿ ಸ್ಪ್ಯಾನರ್: ಯಾವುದನ್ನು ನಂಬಬೇಕು?

ನಮ್ಮ ಅಬ್ಬಾ ಹಾಸನದ ಒಂದು ಸಗಟು ಹಾರ್ಡ್‌ವೇರ್ ಅಂಗಡಿಯಿಂದ ಲಗೇಜ್ ಆಟೋಗೆ ಸಾಮಾನು ತುಂಬಿಕೊಂಡು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳಿಗೆ ಲೈನ್ ಹೋಗುತ್ತಾರೆ. ಸುತ್ತಿಗೆ, ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಗರಗಸ, ಅರ, ಇವೇ ನಮ್ಮ ಮನೆಯ ಅನ್ನ. ಕಳೆದ ವರ್ಷ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ನನ್ನ ಅಣ್ಣನಿಗೆ ಅದೇ ಆಟೋದಿಂದ ಒಂದು ಸ್ಪ್ಯಾನರ್ ಸೆಟ್ ತೆಗೆದುಕೊಟ್ಟರು. ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ‘ಜರ್ಮನ್ ಟೆಕ್ನಾಲಜಿ’ ಎಂದು ದಪ್ಪ ಅಕ್ಷರದಲ್ಲಿತ್ತು. ಮೂರನೇ ವಾರ ತುಕ್ಕು ಹಿಡಿದ 17ರ ನಟ್ ಬಿಚ್ಚುವಾಗ ಸ್ಪ್ಯಾನರಿನ ಬಾಯಿ ಅಗಲವಾಗಿ, ಅಣ್ಣನ ಕೈ ಜಾರಿ ಚಾಸಿಗೆ ಬಡಿಯಿತು. ಬಲಗೈ ಗೆಣ್ಣಿಗೆ ಐದು ಹೊಲಿಗೆ. ಹದಿನೈದು ದಿನ ಕೆಲಸವಿಲ್ಲ, ಸಂಬಳವೂ ಇಲ್ಲ.

ಆ ರಾತ್ರಿ ಮನೆಯಲ್ಲಿ ದೊಡ್ಡ ಚರ್ಚೆ. ಚಾಚಾ, “ಭಾಯಿಜಾನ್, ಫಾರಿನ್ ಮಾಲು ನಂಬಬೇಡಿ ಅಂತ ಎಷ್ಟು ಸಲ ಹೇಳಿಲ್ಲ? ದೇಶಿದೇ ತಗೋಬೇಕಿತ್ತು” ಎಂದರು. ಅಬ್ಬಾ, “ದೇಶಿ ಸೆಟ್ ಎರಡು ತಿಂಗಳಲ್ಲಿ ವಾಪಸ್ ಬಂದದ್ದು ಮರೆತೆಯಾ?” ಎಂದರು. ಅಮ್ಮಿ ಮಾತ್ರ, “ಮೊದಲು ಹುಡುಗನ ಕೈ ವಾಸಿಯಾಗಲಿ, ಆಮೇಲೆ ನಿಮ್ಮ ಕಬ್ಬಿಣದ ಪಂಚಾಯ್ತಿ” ಎಂದು ಇಬ್ಬರ ಬಾಯಿಯನ್ನೂ ಮುಚ್ಚಿಸಿದರು.

ಆ ಪಂಚಾಯ್ತಿಯನ್ನು ನಾನು ಕೈಗೆತ್ತಿಕೊಂಡೆ. ದಸರಾ ರಜೆಯಲ್ಲಿ ಅಬ್ಬಾ ಜೊತೆ ಆಟೋ ಹತ್ತಿ ಮೂರು ಊರು ಸುತ್ತಿದೆ. ನೋಡಿದ್ದು, ಕೇಳಿದ್ದು, ಪುಸ್ತಕದಲ್ಲಿ ಓದಿದ್ದು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಹಲವರು ಪಿಯುಸಿ ಮುಗಿಸಿ ಐಟಿಐ, ಡಿಪ್ಲೊಮಾ ಅಥವಾ ಮನೆಯ ಕಸುಬಿಗೆ ಹೋಗುವವರು. ಮೊದಲ ಟೂಲ್ ಸೆಟ್ ಕೊಳ್ಳುವ ದಿನ ಇದು ಉಪಯೋಗಕ್ಕೆ ಬಂದೀತು.

ಹಾಸನ: ಸ್ಪ್ಯಾನರಿನ ಬಾಯಿ ಏಕೆ ತೆರೆಯಿತು?

ಮೊದಲ ಪರೀಕ್ಷೆ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲೇ ನಡೆಯಿತು. ಉಪನ್ಯಾಸಕರ ಅನುಮತಿ ಪಡೆದು, ಅಬ್ಬಾರ ಆಟೋದಿಂದ ನಾಲ್ಕು ಹೊಸ 17ರ ಸ್ಪ್ಯಾನರ್ ತಂದು ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಬಾಯಿಯ ಅಗಲ ಅಳೆದೆ. ಎರಡು ಆಮದು, ಎರಡು ದೇಶಿ. ತೈವಾನಿನಲ್ಲಿ ಮಾಡಿದ್ದೆಂದು ಬರೆದಿದ್ದ ಒಂದು ಆಮದು ಸ್ಪ್ಯಾನರ್ 17.1 ಮಿ.ಮೀ. ಇತ್ತು. ಹೆಸರುವಾಸಿ ದೇಶಿ ಕಂಪನಿಯದ್ದೂ 17.1. ಅಣ್ಣನ ಸೆಟ್ಟಿನದೇ ಜಾತಿಯದ್ದು 17.5. ತಯಾರಕರ ಹೆಸರೇ ಇಲ್ಲದ ದೇಶಿ ಸ್ಪ್ಯಾನರ್ 17.4. ಅಂದರೆ ಎರಡೂ ಕಡೆ ಒಂದೊಂದು ಒಳ್ಳೆಯದು, ಒಂದೊಂದು ಕೆಟ್ಟದ್ದು.

ಅರ್ಧ ಮಿಲಿಮೀಟರ್ ಏನು ಮಹಾ ಎನ್ನಬೇಡಿ. 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯನ್ನು 250 ನ್ಯೂಟನ್ ಬಲದಿಂದ, ಅಂದರೆ ಸುಮಾರು 25 ಕಿಲೋ ಭಾರದಷ್ಟು, ಎಳೆದರೆ 50 ನ್ಯೂಟನ್-ಮೀಟರ್ ಟಾರ್ಕ್ ಬರುತ್ತದೆ. 17ರ ಷಟ್ಕೋನ ನಟ್‌ನ ಒಂದು ಮಗ್ಗುಲಿನ ಉದ್ದ ಸುಮಾರು 10 ಮಿ.ಮೀ. ಮಾತ್ರ. ಆ ಟಾರ್ಕನ್ನು ಅಷ್ಟು ಚಿಕ್ಕ ಜಾಗದಲ್ಲಿ ತಡೆಯಬೇಕಾದರೆ ಬಾಯಿಯ ಒಂದೊಂದು ದವಡೆಯ ಮೇಲೂ 5,000 ನ್ಯೂಟನ್, ಅಂದರೆ ಅರ್ಧ ಟನ್ ಒತ್ತಡ ಬೀಳುತ್ತದೆ. ಬಾಯಿ ಸಡಿಲವಿದ್ದರೆ ಅಷ್ಟೂ ಭಾರ ನಟ್‌ನ ಮೂಲೆಯ ಮೇಲೇ ಕೂರುತ್ತದೆ. ಮೂಲೆ ಸವೆಯುತ್ತದೆ, ಇಲ್ಲವೇ ಬಾಯಿ ಬಿಚ್ಚಿಕೊಳ್ಳುತ್ತದೆ. ಅಣ್ಣನ ವಿಷಯದಲ್ಲಿ ಆದದ್ದು ಎರಡನೆಯದು.

ಬಾಯಿ ಸರಿಯಾಗಿದ್ದರೂ ಲೋಹ ಮೆದುವಾಗಿದ್ದರೆ ಕಥೆ ಅಷ್ಟೇ. ಒಳ್ಳೆಯ ಸ್ಪ್ಯಾನರನ್ನು ಕ್ರೋಮ್ ವನೇಡಿಯಂನಂಥ ಮಿಶ್ರ ಉಕ್ಕನ್ನು ಕಾಯಿಸಿ, ಅಚ್ಚಿನಲ್ಲಿಟ್ಟು, ಭಾರೀ ಸುತ್ತಿಗೆಯಿಂದ ಜಜ್ಜಿ ಮಾಡುತ್ತಾರೆ. ಇದಕ್ಕೆ ಡ್ರಾಪ್ ಫೋರ್ಜಿಂಗ್ ಎನ್ನುತ್ತಾರೆ. ನಮ್ಮ ಗೇಟು, ಗ್ರಿಲ್ಲಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಉಪಕರಣಕ್ಕೆ ಬೇಕಾದಷ್ಟು ಗಟ್ಟಿಯಾಗದು. ಗ್ಯಾರೇಜಿನ ಮೇಸ್ತ್ರಿ ಒಂದು ಸುಲಭ ಪರೀಕ್ಷೆ ತೋರಿಸಿದರು. ಸ್ಪ್ಯಾನರಿನ ಕಾಣದ ಜಾಗದಲ್ಲಿ ಅರ ಹಾಕಿದರು. ಒಳ್ಳೆಯದರ ಮೇಲೆ ಅರ ಕಷ್ಟಪಟ್ಟು ಸ್ವಲ್ಪವೇ ಹಿಡಿಯಿತು. ಅಣ್ಣನದರ ಮೇಲೆ, ಹೊಳೆಯುವ ಲೇಪ ದಾಟಿದ ಕೂಡಲೇ, ಸಾಬೂನು ಕೆರೆದಂತೆ ಹೋಯಿತು.

ಹೊಳೆನರಸೀಪುರ: ಹಿಡಿಕೆಯ ಪ್ಲಾಸ್ಟಿಕ್

ಮರುದಿನ ಲೈನ್ ಹೊಳೆನರಸೀಪುರಕ್ಕೆ. ಅಲ್ಲಿನ ಅಂಗಡಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಒಬ್ಬರು ಕಟಿಂಗ್ ಪ್ಲೇಯರ್ ಕೇಳುತ್ತಿದ್ದರು. ಅಂಗಡಿಯವರು ಎರಡು ಇಟ್ಟರು. ಒಂದು ಆಮದು, ಹಿಡಿಕೆಗೆ ದಪ್ಪನೆಯ ಕೆಂಪು ಪ್ಲಾಸ್ಟಿಕ್. ಇನ್ನೊಂದು ದೇಶಿ, ನೋಡಲು ಸಾಧಾರಣ. ಅವರು ಎರಡನ್ನೂ ತಿರುಗಿಸಿ ನೋಡಿ ದೇಶಿಯದನ್ನೇ ಆರಿಸಿದರು. ಕಾರಣ ಕೇಳಿದಾಗ ಹಿಡಿಕೆಯ ಮೇಲಿದ್ದ ಒಂದು ಗುರುತು ತೋರಿಸಿದರು. ಒಂದರೊಳಗೊಂದು ಹೊಕ್ಕ ಎರಡು ತ್ರಿಕೋನ, ಪಕ್ಕದಲ್ಲಿ 1000 ವೋಲ್ಟ್.

ಆ ಗುರುತು ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡದ್ದು. ಅದರ ಪ್ರಕಾರ ಒಂದೊಂದು ಉಪಕರಣವನ್ನೂ 10,000 ವೋಲ್ಟ್‌ನಲ್ಲಿ ಪರೀಕ್ಷಿಸಿ, 1,000 ವೋಲ್ಟ್‌ವರೆಗಿನ ಕೆಲಸಕ್ಕೆ ಯೋಗ್ಯವೆಂದು ಗುರುತು ಹಾಕಬೇಕು. ಗುರುತಿಲ್ಲದ ಪ್ಲಾಸ್ಟಿಕ್ ಎಷ್ಟೇ ದಪ್ಪವಿದ್ದರೂ ಅದು ಕೈ ಜಾರದಿರಲು ಹಾಕಿದ ತೊಗಲು, ಅಷ್ಟೇ. ನಮ್ಮ ಮನೆಯ ವಿದ್ಯುತ್ 230 ವೋಲ್ಟ್ ಎಂದು ಓದಿದ್ದೇವೆ. ಅದರ ಗರಿಷ್ಠ ಮೌಲ್ಯ ಸುಮಾರು 325 ವೋಲ್ಟ್. ಜೀವ ತೆಗೆಯಲು ಅದು ಧಾರಾಳ ಸಾಕು. ಆ ಎಲೆಕ್ಟ್ರಿಷಿಯನ್ ಹೊರಡುವಾಗ ಹೇಳಿದ್ದು ಇದು: “ಗುರುತು ಇದ್ರೂ ಮೊದಲು ಮೇನ್ ಆಫ್ ಮಾಡು. ಪ್ಲೇಯರ್ ಇರೋದು ನಮ್ಮ ತಪ್ಪಿಗೆ, ನಮ್ಮ ಧೈರ್ಯಕ್ಕಲ್ಲ.”

ಅರಕಲಗೂಡು: ಕುಲುಮೆಯ ಹದ

ಅರಕಲಗೂಡಿನ ಹತ್ತಿರದ ಹಳ್ಳಿಯೊಂದರಲ್ಲಿ ಅಬ್ಬಾ ಹಳೆಯ ಗಿರಾಕಿಯೊಬ್ಬರ ಕುಲುಮೆಗೆ ಅರ ಕೊಡಲು ನಿಂತರು. ಲಾರಿಯ ಸ್ಪ್ರಿಂಗ್ ಪ್ಲೇಟು ಕತ್ತರಿಸಿ ಕುಡುಗೋಲು, ಮಚ್ಚು, ಉಳಿ ಮಾಡುವ ಹಿರಿಯರು ಅವರು. ಆ ಪ್ಲೇಟಿನಲ್ಲಿ ಇಂಗಾಲ ಶೇ. 0.5ಕ್ಕಿಂತ ಹೆಚ್ಚಿರುವುದರಿಂದ ಅದು ಹದಕ್ಕೆ ಒಗ್ಗುತ್ತದೆ. “ಯಜಮಾನ್ರೇ, ಒಳ್ಳೆ ಉಳಿ ಅಂದ್ರೆ ಗಟ್ಟಿ ಇರಬೇಕಲ್ವಾ?” ಎಂದೆ. “ಬರೀ ಗಟ್ಟಿ ಆದ್ರೆ ಗಾಜು ಕಣ್ ಮಗಾ. ಹದ ಬೇಕು” ಎಂದು ಮಾಡಿಯೇ ತೋರಿಸಿದರು.

ಉಳಿಯ ತುದಿಯನ್ನು ಕೆಂಪಗೆ ಕಾಯಿಸಿ ಅಂಚನ್ನಷ್ಟೇ ನೀರಿಗೆ ಅದ್ದಿದರು. ಇದಕ್ಕೆ ನೀರು ಕುಡಿಸುವುದು ಎನ್ನುತ್ತಾರೆ. ಆಗ ಅಂಚು ತುಂಬ ಗಟ್ಟಿ, ಆದರೆ ಒಂದು ಏಟಿಗೆ ಚಕ್ಕೆ ಏಳುವಂಥದ್ದು. ಕೂಡಲೇ ಅದನ್ನು ಕಲ್ಲಿನ ಮೇಲೆ ತಿಕ್ಕಿ ಬೆಳ್ಳಗೆ ಮಾಡಿದರು. ಹಿಂಭಾಗದಲ್ಲಿ ಉಳಿದಿದ್ದ ಬಿಸಿ ನಿಧಾನವಾಗಿ ಅಂಚಿನ ಕಡೆ ಹರಿಯಿತು. ಅದರ ಜೊತೆಗೆ ಬಣ್ಣಗಳೂ ಹರಿದವು: ಮೊದಲು ಒಣಹುಲ್ಲಿನ ಬಣ್ಣ, ಹಿಂದೆ ನೇರಳೆ, ಅದರ ಹಿಂದೆ ನೀಲಿ. ಹುಲ್ಲಿನ ಬಣ್ಣ ಅಂಚು ಮುಟ್ಟಿದ ಕ್ಷಣ ಮತ್ತೆ ನೀರಿಗೆ ಅದ್ದಿದರು. ಹದ ನಿಂತಿತು.

ಹುಲ್ಲಿನ ಬಣ್ಣವೆಂದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್, ನೀಲಿಯೆಂದರೆ ಸುಮಾರು 300. ಉಕ್ಕಿನ ಮೇಲೆ ಬೆಳೆಯುವ ತೆಳು ಆಕ್ಸೈಡ್ ಪದರದಲ್ಲಿ ಬೆಳಕಿನ ವ್ಯತಿಕರಣವಾಗಿ ಆ ಬಣ್ಣ ಕಾಣುತ್ತದೆ. ಸೋಪಿನ ಗುಳ್ಳೆಯ ಬಣ್ಣದ ಕಾರಣವೂ ಇದೇ. ಆ ಹಿರಿಯರಿಗೆ ಉಷ್ಣಮಾಪಕ ಬೇಡ, ಬಣ್ಣವೇ ಸಾಕು.

ದೊಡ್ಡ ಕಾರ್ಖಾನೆಗಳಲ್ಲಿ ಇದೇ ಕೆಲಸವನ್ನು ತಾಪ ನಿಯಂತ್ರಿಸುವ ಕುಲುಮೆಯಲ್ಲಿ ಮಾಡಿ, ರಾಕ್‌ವೆಲ್ ಯಂತ್ರದಲ್ಲಿ ಗಡಸುತನ ಅಳೆಯುತ್ತಾರೆ. ಅದಕ್ಕೇ ಒಂದು ಸಾವಿರ ಸ್ಪ್ಯಾನರ್ ಒಂದೇ ರೀತಿ ಬರುತ್ತವೆ. ಆದರೆ ಇಂಧನ, ಸಮಯ ಉಳಿಸಲು ಸುಲಭವಾಗಿ ಬಿಡಬಹುದಾದ ಹಂತವೂ ಇದೇ. ಮೇಲೆ ಕ್ರೋಮ್ ಲೇಪ ಹಾಕಿದರೆ ಹದವಿದ್ದದ್ದು, ಹದವಿಲ್ಲದ್ದು ಎರಡೂ ಕನ್ನಡಿಯಂತೆ ಹೊಳೆಯುತ್ತವೆ. ಗುಣಮಟ್ಟ ನಿರ್ಧರಿಸುವ ಮುಖ್ಯ ಸಂಗತಿಯೇ ಕಣ್ಣಿಗೆ ಕಾಣುವುದಿಲ್ಲ. ಮೋಸಕ್ಕೆ ಜಾಗ ಸಿಗುವುದು ಅಲ್ಲೇ.

ಚನ್ನರಾಯಪಟ್ಟಣ: ಮಚ್ಚಿನ ಲೆಕ್ಕ

ಚನ್ನರಾಯಪಟ್ಟಣ ತೆಂಗಿನ ಸೀಮೆ. ಅಲ್ಲಿ ಮಚ್ಚಿಲ್ಲದೆ ದಿನ ಸಾಗದು. ಎಳನೀರು ಮಾರುವವರೊಬ್ಬರು ನನಗೆ ಲೆಕ್ಕ ಹೇಳಿದರು. ಹೊಳೆಯುವ ಆಮದು ಕತ್ತಿಯೊಂದನ್ನು 250 ರೂಪಾಯಿಗೆ ಕೊಂಡಿದ್ದರು. ಒಂದು ಬೇಸಿಗೆಯಲ್ಲಿ ಅಂಚು ಮಡಚಿತು, ಹಿಡಿ ಸಡಿಲವಾಯಿತು, ಅದನ್ನು ಬಿಗಿ ಮಾಡುವ ದಾರಿಯೇ ಇರಲಿಲ್ಲ. ಈಗಿರುವುದು ಕುಲುಮೆಯಲ್ಲಿ ಮಾಡಿಸಿದ 600 ರೂಪಾಯಿಯ ಮಚ್ಚು. ಆರು ವರ್ಷವಾಗಿದೆ. ಎರಡು ಸಲ ಹಿಡಿ ಬದಲಾಗಿದೆ, ವರ್ಷಕ್ಕೊಮ್ಮೆ ತಟ್ಟಿಸಿ ಹದ ಮಾಡಿಸುತ್ತಾರೆ. ಕೊಂಡ ಬೆಲೆ ವರ್ಷಕ್ಕೆ ನೂರು ರೂಪಾಯಿ ಬಿತ್ತು. ವಾಣಿಜ್ಯ ವಿಭಾಗದ ಗೆಳೆಯರು ಇದನ್ನೇ ಸವಕಳಿ ಎಂದು ಓದುತ್ತಾರೆ. ಉಪಕರಣದ ನಿಜವಾದ ಬೆಲೆ ಕೊಂಡ ಬೆಲೆಯಲ್ಲ, ಅದನ್ನು ಬಾಳಿಕೆಯಿಂದ ಭಾಗಿಸಿ ಬರುವ ಬೆಲೆ.

ಹಾಗಾದರೆ ಆಮದು ಮಾಲೆಲ್ಲ ಕೆಟ್ಟದ್ದೇ?

ಖಂಡಿತ ಅಲ್ಲ. ನಮ್ಮ ಪ್ರಯೋಗಾಲಯಗಳಲ್ಲಿ, ಲೇತ್ ಅಂಗಡಿಗಳಲ್ಲಿ ಜಪಾನಿನ ಮಿಟುಟೊಯೊ ಅಳತೆ ಸಾಧನಗಳಿಗೆ ದೊಡ್ಡ ಗೌರವವಿದೆ. 1882ರಲ್ಲಿ ಶುರುವಾದ ಜರ್ಮನಿಯ ಕ್ನಿಪೆಕ್ಸ್ ಪ್ಲೇಯರ್‌ಗಳಿಗೆ ಲೋಕವೆಲ್ಲ ಹೆಸರಿದೆ. ಆದರೆ ಅವುಗಳ ಬೆಲೆಯೂ ಹಾಗೆಯೇ ಇದೆ. ನಮ್ಮ ಕಡೆ ‘ಫಾರಿನ್’ ಎಂದು 300 ರೂಪಾಯಿಗೆ ಸಿಗುವುದು ಆ ಮಾಲಲ್ಲ.

ದೇಶಿ ಎಂದರೂ ಒಂದೇ ಅಲ್ಲ. ನಾಸಿಕ್‌ನ ತಪಾರಿಯಾ ಕಂಪನಿ 1969ರಲ್ಲಿ ಸ್ವೀಡನ್ ಕಂಪನಿಯೊಂದರ ತಾಂತ್ರಿಕ ಸಹಕಾರದಿಂದಲೇ ಕೈ ಉಪಕರಣ ಮಾಡತೊಡಗಿತು. ಹಾಗಾದರೆ ಅದು ದೇಶಿಯೋ, ಫಾರಿನ್ನೋ? ಪಂಜಾಬಿನ ಜಲಂಧರ್, ಲೂಧಿಯಾನಾಗಳಲ್ಲಿ ತಯಾರಾದ ಉಪಕರಣಗಳು ಯುರೋಪ್, ಅಮೆರಿಕಕ್ಕೆ ಹೋಗುತ್ತವೆ. ಅದೇ ನಗರಗಳಿಂದ ಅಗ್ಗದ ಮಾಲೂ ಬರುತ್ತದೆ. ಗಿರಾಕಿ ಯಾವ ಬೆಲೆ ಕೇಳುತ್ತಾನೋ ಆ ಗುಣ ಸಿಗುತ್ತದೆ.

2025ರ ಏಪ್ರಿಲ್‌ನಲ್ಲಿ ನೀತಿ ಆಯೋಗ ಈ ಉದ್ಯಮದ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರ ಪ್ರಕಾರ ಜಗತ್ತಿನ ಕೈ ಉಪಕರಣ ವ್ಯಾಪಾರದಲ್ಲಿ ಭಾರತದ ಪಾಲು ಶೇ. 1.8 ಮಾತ್ರ. ಉಕ್ಕಿನ ಬೆಲೆ ಮುಂತಾದ ಕಾರಣಗಳಿಂದ ನಮ್ಮ ತಯಾರಕರ ಖರ್ಚು ಚೀನಾದವರಿಗಿಂತ ಶೇ. 14ರಿಂದ 17ರಷ್ಟು ಹೆಚ್ಚು. ಅಗ್ಗದ ಆಮದು ಮಾಲಿನ ಎದುರು ಬೆಲೆಯಲ್ಲೇ ಪೈಪೋಟಿಗೆ ಇಳಿದ ಸಣ್ಣ ಕಾರ್ಖಾನೆ ಎಲ್ಲಿ ಖರ್ಚು ಉಳಿಸೀತು? ಕಣ್ಣಿಗೆ ಕಾಣದ ಹದದಲ್ಲೇ.

ಒಂದು ಕಾಲದಲ್ಲಿ ನಮ್ಮ ನಾಡೇ ಲೋಕಕ್ಕೆ ಉಕ್ಕು ಕಳಿಸುತ್ತಿತ್ತು. ಇಂಗ್ಲಿಷಿನ ‘ವೂಟ್ಜ್’ ಪದ ನಮ್ಮ ‘ಉಕ್ಕು’ ಪದದಿಂದ ಬಂದದ್ದು ಎನ್ನುತ್ತಾರೆ. ಅರಬ್ಬಿಯಲ್ಲಿ ‘ಮುಹನ್ನದ್’ ಎಂದರೆ ಹಿಂದ್‌ನ ಉಕ್ಕಿನ ಖಡ್ಗ. 9ನೇ ಶತಮಾನದಲ್ಲಿ ಅಲ್-ಕಿಂದಿ ಖಡ್ಗಗಳ ಬಗ್ಗೆ ಬರೆದಾಗ ಅವುಗಳನ್ನು ಬಂದ ಊರಿನಿಂದಷ್ಟೇ ಅಲ್ಲ, ಉಕ್ಕಿನ ಗುಣದಿಂದಲೂ ವಿಂಗಡಿಸಿದರು. 1820ರ ಸುಮಾರಿಗೆ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ನಮ್ಮ ಉಕ್ಕಿನ ಗುಟ್ಟು ತಿಳಿಯಲು ಪ್ರಯೋಗ ಮಾಡಿದರು. ಆಗ ಅವರಿಗೆ ನಮ್ಮದು ‘ಫಾರಿನ್ ಮಾಲು’!

ಕೊಳ್ಳುವಾಗ ನೋಡಬೇಕಾದದ್ದು

ಒಂದು, ಹೆಸರು ಮತ್ತು ವಿಳಾಸ. 2011ರ ಪೊಟ್ಟಣ ಸರಕುಗಳ ನಿಯಮದಂತೆ ಪೊಟ್ಟಣದ ಮೇಲೆ ತಯಾರಕರ ವಿಳಾಸ ಇರಬೇಕು. ಆಮದು ಮಾಲಾದರೆ ಆಮದುದಾರರ ವಿಳಾಸ ಮತ್ತು ತಯಾರಾದ ದೇಶದ ಹೆಸರು ಇರಬೇಕು. ‘ಜರ್ಮನ್ ಟೆಕ್ನಾಲಜಿ’ ಎಂಬುದು ದೇಶದ ಹೆಸರಲ್ಲ. ಅಣ್ಣನ ಡಬ್ಬದಲ್ಲಿ ಆ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ.

ಎರಡು, ಐಎಸ್‌ಐ ಗುರುತು. ಅದರ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಮೂರು, ಒಂದು ಹೊಸ ನಟ್ ಜೇಬಿನಲ್ಲಿಟ್ಟುಕೊಂಡು ಹೋಗಿ ಬಾಯಿಗೆ ಕೂರಿಸಿ ನೋಡಿ. ಗಡಗಡ ಅಲ್ಲಾಡಿದರೆ ವಾಪಸ್ ಕೊಡಿ.

ನಾಲ್ಕು, ಕರೆಂಟ್ ಕೆಲಸವಿದ್ದರೆ ಎರಡು ತ್ರಿಕೋನದ ಗುರುತಿಲ್ಲದ ಪ್ಲೇಯರ್ ಬೇಡ.

ಐದು, ಬಿಲ್ ಕೇಳಿ ಪಡೆಯಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಇದ್ದರೆ ದೂರಿಗೆ ಬಲ.

ಮನೆಯಲ್ಲಿ ಬಡಗಿ, ಕಮ್ಮಾರ, ಗಾರೆ ಕೆಲಸದವರಿದ್ದರೆ ಅವರಿಗೂ ಇದನ್ನು ಓದಿ ಹೇಳಿ. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವಿದೆ. ಆ ಹಣ ಹೊಳಪಿಗೆ ಹೋಗದೆ ಹದಕ್ಕೆ ಹೋಗಲಿ.

ರಜೆ ಮುಗಿಯುವ ಹಿಂದಿನ ದಿನ ಅಬ್ಬಾ ಆಟೋದಲ್ಲಿ ಉಳಿದಿದ್ದ ಅಂಥ ಏಳು ಸೆಟ್‌ಗಳನ್ನು ಕೆಳಗಿಳಿಸಿದರು. ಹಣ ಆಗಲೇ ಕಟ್ಟಾಗಿತ್ತು, ವಾಪಸ್ ತೆಗೆದುಕೊಳ್ಳುವವರಿರಲಿಲ್ಲ. ಚಾಚಾ, “ಬೆಲೆ ಇಳಿಸಿ ಮಾರಿಬಿಡಿ” ಎಂದರು. ಅಬ್ಬಾ ಅಣ್ಣನ ಕೈ ಕಡೆ ನೋಡಿ, “ಐಬು ಗೊತ್ತಿದ್ದೂ ಮುಚ್ಚಿಟ್ಟು ಮಾರಿದರೆ ಆ ದುಡ್ಡು ನಮಗೆ ಹಲಾಲ್ ಆಗುತ್ತಾ?” ಎಂದು ಕೇಳಿದರು. ಚಾಚಾ ಸುಮ್ಮನಾದರು. ಏಳೂ ಸೆಟ್ ಗುಜರಿಗೆ ತೂಕದ ಲೆಕ್ಕದಲ್ಲಿ ಹೋದವು. ಈಗ ಅಬ್ಬಾ ಹೊಸ ಮಾಲು ತುಂಬುವಾಗ ಫಾರಿನ್ನೋ ದೇಶಿಯೋ ಎಂದು ಕೇಳುವುದಿಲ್ಲ. ಡಬ್ಬ ತಿರುಗಿಸಿ ವಿಳಾಸ ನೋಡುತ್ತಾರೆ, ಜೇಬಿನಿಂದ 17ರ ನಟ್ ತೆಗೆಯುತ್ತಾರೆ.