ಚಿತ್ರ ನಮ್ಮದು, ಬೀಗದ ಕೈ ಯಾರದು?

ವಾರ್ಷಿಕೋತ್ಸವ ಸಮೀಪಿಸಿದಂತೆ ಸಂಘದ ಕಾರ್ಯಾಲಯದಲ್ಲಿ ಸ್ಮರಣ ಸಂಚಿಕೆಯ ಸಿದ್ಧತೆ ಆರಂಭವಾಗುವುದು ವಾಡಿಕೆ. ಕಳೆದ ವರ್ಷ ಹಳೆಯ ಸಂಚಿಕೆಯೊಂದರ ಮುಖಪುಟದ ಚಿತ್ರವನ್ನು ಪುನಃ ಮುದ್ರಿಸಬೇಕೆಂಬ ಅಪೇಕ್ಷೆ ಸದಸ್ಯರಿಂದ ಬಂದಿತು. ಅದನ್ನು ರಚಿಸಿದ ತರುಣ ನಮ್ಮ ಹಿರಿಯ ಸದಸ್ಯರೊಬ್ಬರ ಮಗ. ಈಗ ಉದ್ಯೋಗನಿಮಿತ್ತ ಪರವೂರಿನಲ್ಲಿದ್ದಾನೆ. ದೂರವಾಣಿಯಲ್ಲಿ ವಿಚಾರಿಸಿದಾಗ, "ಮಾಮ, ಚಿತ್ರವೇನೋ ನನ್ನದೇ. ಆದರೆ ಈಗ ಅದನ್ನು ತೆರೆಯಲು ನನ್ನಿಂದಲೂ ಆಗುತ್ತಿಲ್ಲ" ಎಂದ. ಚಿತ್ರ ಸಿದ್ಧವಾದದ್ದು ತಿಂಗಳ ಚಂದಾ ತೆತ್ತು ಬಳಸುವ ತಂತ್ರಾಂಶವೊಂದರಲ್ಲಿ. ಮೂಲ ಕಡತವಿದ್ದದ್ದು ಆ ಕಂಪೆನಿಯದೇ ಕ್ಲೌಡ್ ಸಂಗ್ರಹದಲ್ಲಿ. ಚಂದಾ ನಿಲ್ಲಿಸಿ ವರ್ಷವೇ ಕಳೆದಿತ್ತು. ಕೊನೆಗೆ ನಮ್ಮ ಗ್ರಂಥಾಲಯದಲ್ಲಿದ್ದ ಮುದ್ರಿತ ಪ್ರತಿಯನ್ನೇ ಸ್ಕ್ಯಾನ್ ಮಾಡಿಸಿ ಕೆಲಸ ಮುಗಿಸಿದೆವು. ಬಣ್ಣ ಮಾಸಿ ಬಂದುದನ್ನು ಓದುಗರು ಗಮನಿಸಿರಬಹುದು.

ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ವಿನ್ಯಾಸ, ಅನಿಮೇಶನ್, ಛಾಯಾಗ್ರಹಣ ಮುಂತಾದ ಕ್ಷೇತ್ರಗಳಲ್ಲಿ ದುಡಿಯುತ್ತಿರುವುದರಿಂದ ಈ ಸಂಗತಿ ಒಂದು ಸಂಚಿಕೆಯ ಮುಖಪುಟಕ್ಕಷ್ಟೇ ಸೀಮಿತವಲ್ಲವೆಂದು ನಮಗೆ ತೋರಿತು.

ಕ್ಲೌಡ್ ಎಂಬ ಶಬ್ದ ಕೇಳಲು ಹಗುರವಾಗಿದ್ದರೂ ಅದರ ಅರ್ಥ ಸರಳ: ನಮ್ಮ ಕಡತ ನಮ್ಮ ಮನೆಯ ಗಣಕಯಂತ್ರದಲ್ಲಿರದೆ ಅಂತರಜಾಲದ ಮೂಲಕ ಬೇರೊಬ್ಬರ ಗಣಕಯಂತ್ರದಲ್ಲಿ ನೆಲೆಸಿರುತ್ತದೆ. ಉಡುಪಿಯ ಸಮೀಪದ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು ಇಲ್ಲಿಯೇ ನೆಲೆಸಿ ಜಗದ್ವಿಖ್ಯಾತರಾದ ಕೆ.ಕೆ. ಹೆಬ್ಬಾರರ ಕಾಲದಲ್ಲಿ ಕಲಾವಿದನ ರೇಖೆ ಕಾಗದದ ಮೇಲೆ, ಕಾಗದ ಅವನ ಕಪಾಟಿನಲ್ಲಿ ಇರುತ್ತಿತ್ತು. ನಮ್ಮ ಸಂಘಗಳಿಗೆ ಪೇಜ್‌ಮೇಕರ್ ಬಂದ ಕಾಲದಲ್ಲೂ ಫ್ಲಾಪಿಯೋ ಸಿ.ಡಿ.ಯೋ ಕೈಯಲ್ಲಿರುತ್ತಿತ್ತು. ತಂತ್ರಾಂಶವನ್ನು ಒಮ್ಮೆ ಕೊಂಡರೆ ಯಂತ್ರ ಕೆಡುವವರೆಗೆ ಬಳಸಬಹುದಿತ್ತು. ಫೋಟೋಶಾಪ್, ಇಲ್ಲಸ್ಟ್ರೇಟರ್ ಮುಂತಾದುವನ್ನು ತಯಾರಿಸುವ ಅಡೋಬಿ ಕಂಪೆನಿ 2013ರಲ್ಲಿ ಈ ಪದ್ಧತಿಯನ್ನು ಬಿಟ್ಟು, ಇನ್ನು ಮುಂದಿನ ಆವೃತ್ತಿಗಳು ಚಂದಾ ಮೂಲಕ ಮಾತ್ರವೆಂದು ಸಾರಿತು. ಸ್ವಂತ ಮನೆಯಿಂದ ಬಾಡಿಗೆ ಮನೆಗೆ ಸಾಗಿದಂತೆ ಎಂದು ನಾವು ಅಂದು ಹಾಸ್ಯ ಮಾಡಿದ್ದುಂಟು. ಬಾಡಿಗೆಯ ಕರಾರುಪತ್ರವನ್ನು ಓದಿದವರು ಮಾತ್ರ ವಿರಳ.

ಆ ಕರಾರನ್ನು ಜಗತ್ತಿನ ಕಲಾವಿದರೆಲ್ಲ ಒಮ್ಮೆಲೇ ಓದುವಂತಾದದ್ದು 2024ರ ಜೂನ್ ತಿಂಗಳಲ್ಲಿ. ಬೆಳಿಗ್ಗೆ ಫೋಟೋಶಾಪ್ ತೆರೆದವರ ಮುಂದೆ, ಪರಿಷ್ಕೃತ ಷರತ್ತುಗಳಿಗೆ ಸಮ್ಮತಿ ನೀಡಿ ಮುಂದುವರಿಯಿರಿ ಎಂಬ ಪ್ರಕಟಣೆ ಮೂಡಿತು. ಬಳಕೆದಾರರ ಕೃತಿಗಳನ್ನು ಕಂಪೆನಿಯು ಯಾಂತ್ರಿಕ ವಿಧಾನದಿಂದಲೂ ಮಾನವರ ಮೂಲಕವೂ ಪರಿಶೀಲಿಸಬಹುದೆಂಬ ವಾಕ್ಯ ಅದರಲ್ಲಿತ್ತು. ಬಿಡುಗಡೆಯಾಗದ ಚಲನಚಿತ್ರದ ಭಿತ್ತಿಪತ್ರ, ಮಾರುಕಟ್ಟೆಗೆ ಬಾರದ ವಸ್ತುವಿನ ಹೊದಿಕೆ ಇತ್ಯಾದಿಗಳನ್ನು ಗೋಪ್ಯವಾಗಿಡುವೆವೆಂದು ಗ್ರಾಹಕರಿಗೆ ಸಹಿ ಹಾಕಿಕೊಟ್ಟ ವಿನ್ಯಾಸಕಾರರು ಇದನ್ನು ಓದಿ ಬೆಚ್ಚಿದರು. ಒಪ್ಪದೆ ಕೆಲಸ ಮುಂದುವರಿಯದು, ಒಪ್ಪಿದರೆ ಗ್ರಾಹಕನಿಗಿತ್ತ ಮಾತು ಮುರಿದೀತು ಎಂಬ ಇಕ್ಕಟ್ಟು ಅವರದು. ಇಂಗ್ಲಿಷ್ ಚಲನಚಿತ್ರ ನಿರ್ದೇಶಕ ಡಂಕನ್ ಜೋನ್ಸ್ ಮೊದಲಾದವರು ಬಹಿರಂಗವಾಗಿ ಪ್ರತಿಭಟಿಸಿದರು. ಈ ಕೃತಿಗಳನ್ನೆಲ್ಲ ಉಣಿಸಿ ಕೃತಕ ಬುದ್ಧಿಮತ್ತೆಗೆ ಚಿತ್ರ ಬಿಡಿಸಲು ಕಲಿಸುವರೆಂಬ ಅನುಮಾನವೇ ಕೋಪದ ಮೂಲವಾಗಿತ್ತು.

ಕಂಪೆನಿಯು ಕೆಲವೇ ದಿನಗಳಲ್ಲಿ ಸ್ಪಷ್ಟೀಕರಣ ನೀಡಿತು, ಜೂನ್ 18ರಂದು ಷರತ್ತುಗಳನ್ನೇ ತಿದ್ದಿ ಬರೆಯಿತು. ಕೃತಿಯ ಒಡೆತನ ಕಲಾವಿದನದೇ. ಚಿತ್ರ ಸೃಷ್ಟಿಸುವ ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಕೆದಾರರ ಕೃತಿಗಳನ್ನು ಉಪಯೋಗಿಸುವುದಿಲ್ಲ. ಸ್ವಂತ ಗಣಕಯಂತ್ರದಲ್ಲಿರುವ ಕಡತಗಳನ್ನು ಇಣುಕಿ ನೋಡುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಆದರೆ ಕ್ಲೌಡ್‌ನಲ್ಲಿಟ್ಟ ಕಡತಗಳ ಮಾತು ಬೇರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಪತ್ತೆಹಚ್ಚಲು ಅವುಗಳ ಯಾಂತ್ರಿಕ ತಪಾಸಣೆ ನಡೆಯುತ್ತದೆ, ಸಂಶಯ ಬಂದಲ್ಲಿ ಮಾನವನ ಕಣ್ಣೂ ಬೀಳಬಹುದು. ಇದು ಅನುಚಿತವೆಂದು ನಾವು ಹೇಳಲಾರೆವು. ಕಂಪೆನಿ ಮೊದಲೇ ತಿಳಿಯುವ ಭಾಷೆಯಲ್ಲಿ ಬರೆದಿದ್ದರೆ ಇಷ್ಟು ಗದ್ದಲವಾಗುತ್ತಿರಲಿಲ್ಲವೆಂಬುದೂ ಸತ್ಯ.

ಇಲ್ಲಿ ಬಿಡಿಸಿ ನೋಡಬೇಕಾದ ಎರಡು ಶಬ್ದಗಳಿವೆ: ಒಡೆತನ ಮತ್ತು ಪರವಾನಗಿ. ಒಡೆತನ ನಿಮ್ಮದೇ ಎಂದು ಇಂತಹ ಬಹುತೇಕ ಕಂಪೆನಿಗಳ ಕರಾರುಗಳು ಹೇಳುತ್ತವೆ, ಅದು ಸುಳ್ಳಲ್ಲ. ಮುಂದಿನ ವಾಕ್ಯದಲ್ಲಿಯೇ ಪರವಾನಗಿಯ ಮಾತು ಬರುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರವೊಂದರ ಪ್ರತಿ ಮಾಡುವ ಹಕ್ಕು ಕಲಾವಿದನದು. 2012ರ ತಿದ್ದುಪಡಿಯಿಂದ ಅದನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ಸಂಗ್ರಹಿಸಿಡುವ ಹಕ್ಕೂ ಅದರಲ್ಲಿ ಸ್ಪಷ್ಟವಾಗಿ ಸೇರಿದೆ. ಹೀಗಾಗಿ ಕಲಾವಿದನ ಅನುಮತಿಯಿಲ್ಲದೆ ಕಂಪೆನಿಯು ಅವನ ಚಿತ್ರವನ್ನು ತನ್ನ ಯಂತ್ರದಲ್ಲಿ ಇಟ್ಟುಕೊಳ್ಳುವಂತಿಲ್ಲ, ಪುಟ್ಟ ನಮೂನೆಯಾಗಿ ಪರದೆಯ ಮೇಲೆ ತೋರಿಸುವಂತಿಲ್ಲ, ಆತ ಹೇಳಿದ ಗೆಳೆಯನಿಗೆ ಕಳಿಸುವಂತಿಲ್ಲ. ಇಷ್ಟಕ್ಕೆ ಬೇಕಾದ ಪರವಾನಗಿ ನ್ಯಾಯವಾದದ್ದೇ. ಆದರೆ ಪ್ರತಿ ಮಾಡುವ, ಮಾರ್ಪಡಿಸುವ, ಪ್ರದರ್ಶಿಸುವ, ಇತರರಿಗೆ ಮರುಪರವಾನಗಿ ನೀಡುವ ವಿಶ್ವವ್ಯಾಪಿ ಹಕ್ಕು ಎಂದು ಕರಾರು ಹಿಗ್ಗಿದಾಗ, ಅದನ್ನು "ಯಾವ ಉದ್ದೇಶಕ್ಕಾಗಿ" ಎಂಬ ಒಂದು ಪದಪುಂಜವೇ ಕಟ್ಟಿಹಾಕಬೇಕು. ಸೇವೆಯನ್ನು ನಡೆಸುವುದಕ್ಕಾಗಿ ಎಂದಿದ್ದರೆ ಒಂದು ಅರ್ಥ, ಸೇವೆಯನ್ನು ಉತ್ತಮಪಡಿಸುವುದಕ್ಕಾಗಿ ಎಂದೂ ಸೇರಿದ್ದರೆ ಬಹಳ ವಿಶಾಲವಾದ ಅರ್ಥ. ನಮ್ಮ ಮಕ್ಕಳಿಗೆ ಕರಾರಿನ ಇಪ್ಪತ್ತು ಪುಟ ಓದಲು ಪುರುಸೊತ್ತಿಲ್ಲದಿದ್ದರೆ ಈ ಒಂದು ವಾಕ್ಯವನ್ನಾದರೂ ಹುಡುಕಿ ಓದಲಿ.

ಉದ್ದೇಶದ ವಾಕ್ಯ ಬದಲಾದರೆ ಏನಾಗುವುದೆಂಬುದಕ್ಕೆ 2025ರ ಜುಲೈಯ ನಿದರ್ಶನವಿದೆ. ದೊಡ್ಡ ಕಡತಗಳನ್ನು ಮುದ್ರಣಾಲಯಕ್ಕೆ ಕಳಿಸಲು ಬಹುಮಂದಿ ಬಳಸುವ ವಿಟ್ರಾನ್ಸ್‌ಫರ್ ಎಂಬ ಸೇವೆಯು, ಯಂತ್ರಕಲಿಕೆಯ ಮಾದರಿಗಳನ್ನು ಸುಧಾರಿಸುವ ಉದ್ದೇಶವನ್ನು ತನ್ನ ಹೊಸ ಷರತ್ತಿನಲ್ಲಿ ಸೇರಿಸಿತ್ತು. ಕಲಾವಿದರು ಕೂಗೆಬ್ಬಿಸಿದೊಡನೆ ಆ ಪದಗಳನ್ನು ತೆಗೆದುಹಾಕಿ, ಗ್ರಾಹಕರ ಕಡತಗಳಿಂದ ಕೃತಕ ಬುದ್ಧಿಮತ್ತೆಗೆ ತರಬೇತಿ ಕೊಡುತ್ತಿಲ್ಲವೆಂದು ತಿಳಿಸಿತು. ಇನ್ನು ಅಡೋಬಿ ಸ್ಟಾಕ್ ಎಂಬ ಮಾರಾಟ ಮಳಿಗೆಗೆ ಚಿತ್ರ ಸಲ್ಲಿಸುವವರ ಕರಾರೇ ಪ್ರತ್ಯೇಕ. 2023ರ ಮಾರ್ಚ್‌ನಲ್ಲಿ ಹೊರಬಂದ ಫೈರ್‌ಫ್ಲೈ ಎಂಬ ಚಿತ್ರಸೃಷ್ಟಿಯ ಯಂತ್ರಕ್ಕೆ ಆ ಮಳಿಗೆಯ ಚಿತ್ರಗಳಿಂದಲೇ ತರಬೇತಿ ದೊರೆಯಿತು; ಸಲ್ಲಿಸಿದವರಿಗೆ ಅದೇ ವರ್ಷ ಸ್ವಲ್ಪ ಬೋನಸ್ ಹಣವೂ ಸಂದಿತು. ಬಿಡುವಿನಲ್ಲಿ ತೆಗೆದ ಛಾಯಾಚಿತ್ರಗಳನ್ನು ಅಲ್ಲಿಗೆ ಕಳಿಸುವ ಹವ್ಯಾಸಿಗಳು ನಮ್ಮಲ್ಲೂ ಇರುವುದರಿಂದ ಈ ಮಾತನ್ನು ಹೇಳಿದೆವು. ಇಂತಹ ತರಬೇತಿಯು ಭಾರತದ ಕೃತಿಸ್ವಾಮ್ಯ ಕಾಯಿದೆಯ ಉಲ್ಲಂಘನೆಯೇ ಎಂಬ ಪ್ರಶ್ನೆಯನ್ನು ಸುದ್ದಿಸಂಸ್ಥೆಯೊಂದು 2024ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದಿಟ್ಟಿತು.

ಒಡೆತನದ ಮಾತು ಬಂದಾಗ ಕಂಪೆನಿಗಳನ್ನು ಮಾತ್ರ ದೂರಿ ನಾವು ಸುಮ್ಮನಿರುವಂತಿಲ್ಲ. ಕಾಯಿದೆಯ 17ನೇ ಕಲಮು ಕೃತಿಕಾರನನ್ನೇ ಪ್ರಥಮ ಒಡೆಯನೆನ್ನುತ್ತದೆ. ಆದರೆ ನೌಕರಿಯಲ್ಲಿದ್ದು ಮಾಡಿದ ಕೃತಿ ಯಜಮಾನನದು. ಹಣ ಕೊಟ್ಟು ಬರೆಸಿದ ಭಾವಚಿತ್ರವೋ ತೆಗೆಸಿದ ಛಾಯಾಚಿತ್ರವೋ ಆದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಬರೆಸಿದವನದು. ಮದುವೆಯ ಛಾಯಾಗ್ರಾಹಕರು ಇದನ್ನು ತಿಳಿದಿರುವುದು ಕಡಿಮೆ. ಹಾಗಾದರೆ ಸಂಘದ ಮೇಲಿನ ಅಭಿಮಾನದಿಂದ ಚಿಕ್ಕಾಸೂ ಪಡೆಯದೆ ಮುಖಪುಟ ಬರೆದುಕೊಟ್ಟ ತರುಣನ ಚಿತ್ರ ಯಾರದು? ಅದು ಅವನದೇ. ಹಕ್ಕನ್ನು ವರ್ಗಾಯಿಸಲು ಅವನ ಸಹಿಯುಳ್ಳ ಪತ್ರ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯಿದೆಯೇ ಮಿತಿ ಹಾಕಿದೆ. ನಾವು ಇಷ್ಟು ವರ್ಷ ಶಾಲು ಹೊದಿಸಿ, ಫಲಪುಷ್ಪ ನೀಡಿ ಗೌರವಿಸಿದ್ದೇವೆಯೇ ಹೊರತು ಒಂದು ಪತ್ರವನ್ನೂ ಬರೆಸಿಕೊಂಡಿಲ್ಲ. ಕೆಲವೊಮ್ಮೆ ಚಿತ್ರದ ಕೆಳಗೆ ಹೆಸರು ಹಾಕಲೂ ಮರೆತಿದ್ದೇವೆ.

ಹೆಸರಿನ ಹಕ್ಕು ಸಣ್ಣದೇನಲ್ಲ. ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಕೀರ್ತಿಗೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕನ್ನು 57ನೇ ಕಲಮು ಕಲಾವಿದನಲ್ಲಿಯೇ ಉಳಿಸಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ರಚಿಸಿದ್ದ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಸೇರಿಸಲಾಗಿತ್ತು. ಸರಕಾರ ಹಣ ಕೊಟ್ಟು ಮಾಡಿಸಿದ ಕೃತಿಯಾದರೂ ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ ಶಿಲ್ಪಿಯ ಪರವಾಗಿ ತೀರ್ಪಿತ್ತು, ಅವಶೇಷಗಳನ್ನು ಮರಳಿಸುವಂತೆಯೂ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆಯೂ ಆದೇಶಿಸಿತು.

ಆದರೆ ಹಕ್ಕು ಎಷ್ಟೇ ಗಟ್ಟಿಯಾಗಿದ್ದರೂ ಕಡತ ತೆರೆಯದಿದ್ದರೆ ಪ್ರಯೋಜನವೇನು? 2019ರ ಅಕ್ಟೋಬರ್‌ನಲ್ಲಿ ಅಮೆರಿಕ ಸರಕಾರದ ನಿರ್ಬಂಧದ ಕಾರಣದಿಂದ ವೆನೆಜುವೆಲಾ ದೇಶದ ಬಳಕೆದಾರರೆಲ್ಲರ ಖಾತೆಗಳನ್ನು ಮುಚ್ಚುವುದಾಗಿ ಅಡೋಬಿ ಪ್ರಕಟಿಸಿತ್ತು. ಅನಂತರ ಸರಕಾರದ ಅನುಮತಿ ದೊರೆತು ಸೇವೆ ಮುಂದುವರಿಯಿತಾದರೂ, ಅಲ್ಲಿನ ಕಲಾವಿದರು ತಮ್ಮದಲ್ಲದ ತಪ್ಪಿಗೆ ಮೂರು ವಾರ ಪರದಾಡಿದರು. 2022ರಲ್ಲಿ ಪ್ಯಾಂಟೋನ್ ಎಂಬ ವರ್ಣಕೋಶದ ಕಂಪೆನಿಗೂ ಅಡೋಬಿಗೂ ಇದ್ದ ಒಪ್ಪಂದ ಬದಲಾದಾಗ ಇನ್ನೂ ವಿಚಿತ್ರ ನಡೆಯಿತು: ಹಳೆಯ ಕಡತಗಳನ್ನು ತೆರೆದವರಿಗೆ ಆ ಕೋಶದ ಎಷ್ಟೋ ಬಣ್ಣಗಳಿದ್ದ ಜಾಗ ಕಪ್ಪಾಗಿ ಕಂಡಿತು. ಬಣ್ಣ ಮರಳಬೇಕಿದ್ದರೆ ತಿಂಗಳಿಗೆ ಸುಮಾರು 15 ಡಾಲರ್ ಬೇರೆಯೇ ತೆರಬೇಕಿತ್ತು. ಬಳಿದ ಬಣ್ಣಕ್ಕೆ ಬಾಡಿಗೆ ಕಟ್ಟುವ ಕಾಲವನ್ನೂ ಕಂಡಂತಾಯಿತು.

ಗೋಪ್ಯತೆಯ ವಿಚಾರದಲ್ಲಿ ನಮ್ಮ ಮನೆಗಳಲ್ಲಿಯೇ ಅಲಕ್ಷ್ಯ ಹೆಚ್ಚು. ಚಿತ್ರಸ್ಪರ್ಧೆಗೆ ಬಂದ ಮಕ್ಕಳ ಭಾವಚಿತ್ರ, ಹೆಸರು, ಶಾಲೆಯ ವಿವರಗಳೆಲ್ಲ ಆಮಂತ್ರಣ ಪತ್ರಿಕೆಯ ಕಡತದೊಂದಿಗೆ ಕ್ಲೌಡ್ ಸೇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯರ ಸಮ್ಮತಿಯನ್ನು ಬಯಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತ ಹಂತವಾಗಿ ಜಾರಿಗೆ ಬರುವ ವ್ಯವಸ್ಥೆಯಿದೆ.

ಕ್ಲೌಡನ್ನು ತೊರೆಯಿರೆಂದು ಸಲಹೆ ಕೊಡುವಷ್ಟು ನಾವು ಹಳಬರಲ್ಲ. ಪ್ರವಾಹದಲ್ಲಿ ಕಪಾಟು ಮುಳುಗಿದವರಿಗೆ ದೂರದ ಪ್ರತಿಯ ಬೆಲೆ ಗೊತ್ತು. 2005ರ ಜುಲೈ ಮಳೆಯನ್ನು ಮುಂಬಯಿಗರು ಮರೆತಿಲ್ಲ. ಆದರೆ ಅಲ್ಲಿರುವುದು ಎರಡನೆಯ ಪ್ರತಿಯಾಗಿರಲಿ, ಮೊದಲನೆಯದು ನಮ್ಮಲ್ಲಿರಲಿ. ಕೃತಿಗಳ ವಿಶ್ಲೇಷಣೆಗೆ ಸಮ್ಮತಿಯಿಲ್ಲವೆಂದು ಸೂಚಿಸುವ ಗುಂಡಿ ಅಡೋಬಿಯ ಖಾತೆಯ ಪುಟದಲ್ಲಿದೆ, ಅದನ್ನು ಒತ್ತಲು ಎರಡು ನಿಮಿಷ ಸಾಕು. ಚಂದಾ ಕಟ್ಟಲಾಗದ ವಿದ್ಯಾರ್ಥಿಗಳಿಗೆ ಕ್ರಿಟಾ, ಇಂಕ್‌ಸ್ಕೇಪ್, ಗಿಂಪ್ ಎಂಬ ಮುಕ್ತ ತಂತ್ರಾಂಶಗಳಿವೆ. ಇವು ಸ್ವಂತ ಯಂತ್ರದಲ್ಲಿಯೇ ನಡೆಯುತ್ತವೆ, ಖಾತೆಯನ್ನು ಬೇಡುವುದಿಲ್ಲ.

ಈ ವರ್ಷದ ಸಂಚಿಕೆಯ ಮುಖಪುಟವನ್ನು ಅದೇ ತರುಣ ಬರೆದುಕೊಡಲು ಒಪ್ಪಿದ್ದಾನೆ. ಮೂಲ ಕಡತದೊಂದಿಗೆ ಯಾವ ತಂತ್ರಾಂಶದಲ್ಲೂ ತೆರೆಯಬಲ್ಲ ಟಿಫ್ ಮತ್ತು ಪಿ.ಡಿ.ಎಫ್. ಪ್ರತಿಗಳನ್ನು ಕೊಡುವುದಾಗಿ ಹೇಳಿದ್ದಾನೆ. ಅವು ಎರಡು ಹಾರ್ಡ್ ಡಿಸ್ಕುಗಳಲ್ಲಿ, ಒಂದು ಗ್ರಂಥಾಲಯದ ಕಪಾಟಿನಲ್ಲಿ, ಇನ್ನೊಂದು ಕೋಶಾಧಿಕಾರಿಗಳ ಮನೆಯಲ್ಲಿ ಇರುತ್ತವೆ. ಸಂಚಿಕೆಯಲ್ಲಿಯೂ ಮುಂದಿನ ಮರುಮುದ್ರಣಗಳಲ್ಲಿಯೂ ಚಿತ್ರವನ್ನು ಬಳಸಲು ಸಂಘಕ್ಕೆ ಅನುಮತಿ, ಉಳಿದೆಲ್ಲ ಹಕ್ಕು ಅವನದು, ಹೆಸರು ಕಡ್ಡಾಯ ಎಂಬ ಅರ್ಧ ಪುಟದ ಪತ್ರವನ್ನು ಕನ್ನಡದಲ್ಲಿಯೇ ಸಿದ್ಧಪಡಿಸಿದ್ದೇವೆ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಅದಕ್ಕೆ ಸಹಿ ಬೀಳಲಿದೆ. ಹಿಂದಿನ ಸಂಚಿಕೆಗಳಿಗೆ ಚಿತ್ರ ಬರೆದವರು, ಅಥವಾ ಅವರ ಮನೆಯವರು, ಮೂಲ ಕಡತಗಳನ್ನು ಇನ್ನೂ ಉಳಿಸಿಕೊಂಡಿದ್ದರೆ ಕಾರ್ಯಾಲಯಕ್ಕೆ ತಿಳಿಸಬೇಕೆಂದು ಕೋರುತ್ತೇವೆ.