ವ್ಯವಸ್ಥಾಪಕರ ಸಂಬಳ: ಮೊತ್ತ ಮತ್ತು ಮನ್ನಣೆ

ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತದ ಬೆಳೆಗೆ ಹೆಸರಾದ ಸಿರುಗುಪ್ಪ ತಾಲೂಕಿನಲ್ಲಿ ಅಕ್ಕಿ ಗಿರಣಿಗಳು ಪ್ರಮುಖ ಉದ್ಯಮ. ಸಿರುಗುಪ್ಪ, ತೆಕ್ಕಲಕೋಟೆ, ಕರೂರು ಭಾಗಗಳಲ್ಲಿ ಸುಗ್ಗಿ ಆರಂಭವಾದೊಡನೆ ಭತ್ತದ ತೇವಾಂಶ ಪರೀಕ್ಷೆ, ದರ ನಿಗದಿ, ಹಮಾಲರ ಹೊಂದಾಣಿಕೆ, ಲಾರಿಗಳ ರವಾನೆ, ಬಾಕಿ ವಸೂಲಿ ಮುಂತಾದ ಹೊಣೆಗಳೆಲ್ಲ ಗಿರಣಿಯ ವ್ಯವಸ್ಥಾಪಕರ ಹೆಗಲೇರುತ್ತವೆ. ಅವರು ಕೆಲಸ ಬಿಟ್ಟರೆ ರೈತರೊಡನೆ ಹಾಗೂ ದಲಾಲರೊಡನೆ ಅವರು ಬೆಳೆಸಿದ ನಂಬಿಕೆಯೂ ಅವರೊಂದಿಗೇ ಹೋಗುತ್ತದೆ. ಆದುದರಿಂದ ಅವರು ತಮ್ಮ ಸಂಬಳವನ್ನು ಹೇಗೆ ಕಾಣುತ್ತಾರೆಂಬುದು ಮಾಲೀಕರು ಯೋಚಿಸಬೇಕಾದ ವಿಷಯ.

ಹಮಾಲರ ದುಡಿಮೆಗೆ ಚೀಲದ ಲೆಕ್ಕವಿದೆ. ವ್ಯವಸ್ಥಾಪಕರ ದುಡಿಮೆಗೆ ಅಂತಹ ಅಳತೆಯಿಲ್ಲ. ಮಾಲೀಕರು ತಮಗೆಷ್ಟು ಬೆಲೆ ಕೊಡುತ್ತಾರೆಂಬುದನ್ನು ಅವರು ಸಂಬಳದಿಂದಲೇ ಅಳೆಯುತ್ತಾರೆ. ನಿನ್ನೆ ಸೇರಿದ ಮಾಲೀಕರ ಬಂಧುವಿಗೆ ತಮಗಿಂತ ಹೆಚ್ಚು ಸಿಕ್ಕಿತೆಂದು ತಿಳಿದಾಗ ಅವರ ಮನೆಯ ಖರ್ಚು ಹೆಚ್ಚಿರುವುದಿಲ್ಲ. ಆದರೂ ಮನಸ್ಸು ಮುರಿದಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಎಂಜಿನಿಯರುಗಳು ಹಾಗೂ ಲೆಕ್ಕಿಗರನ್ನು ಸಂದರ್ಶಿಸಿ 1959ರಲ್ಲಿ ಪ್ರಕಟಿಸಿದ ಅಧ್ಯಯನವು ಸಂಬಳವನ್ನು ಮುಖ್ಯವಾಗಿ ಅತೃಪ್ತಿಗೆ ಕಾರಣವಾಗುವ ಅಂಶಗಳ ಸಾಲಿಗೆ ಸೇರಿಸಿತು. ಸಾಧನೆ, ಮನ್ನಣೆ, ಹೊಣೆಗಾರಿಕೆಗಳು ಉತ್ಸಾಹ ತುಂಬುವ ಅಂಶಗಳೆಂದು ಅದು ಗುರುತಿಸಿತು.

ತೋರಣಗಲ್ಲಿನ ಬೃಹತ್ ಉಕ್ಕಿನ ಕಾರ್ಖಾನೆಯ ವೇತನದೊಡನೆ ಸಣ್ಣ ಗಿರಣಿಯಾಗಲಿ, ಬಳ್ಳಾರಿಯ ಜೀನ್ಸ್ ಘಟಕವಾಗಲಿ ಸ್ಪರ್ಧಿಸುವುದು ಕಷ್ಟ. ಆದರೆ ನಿಗದಿತ ದಿನದಂದು ಸಂಬಳ ನೀಡುವುದು, ಏರಿಕೆಯ ಆಧಾರವನ್ನು ಮೊದಲೇ ತಿಳಿಸುವುದು ಎಲ್ಲರಿಗೂ ಸಾಧ್ಯ. "ಸೀಸನ್ ಮುಗಿಯಲಿ, ನೋಡೋಣ" ಎಂಬ ಮಾತನ್ನು ವರ್ಷವರ್ಷವೂ ಕೇಳಿದವರು ಕೊನೆಗೆ ಬೇರೆ ಬಾಗಿಲು ತಟ್ಟುತ್ತಾರೆ.

ಈಗ ಕಾನೂನೂ ಇದನ್ನೇ ಬಯಸುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿ 'ಉದ್ಯೋಗಿ' ಎಂಬ ಪದದ ವ್ಯಾಪ್ತಿಗೆ ವ್ಯವಸ್ಥಾಪಕರೂ ಬರುತ್ತಾರೆ. ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಪಾವತಿಸಬೇಕು. ರಾಜೀನಾಮೆ ನೀಡಿದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ವೇತನ ಚೀಟಿಯನ್ನೂ ಕೊಡಬೇಕು. ಕೈಸಾಲ, ಹಬ್ಬದ ಉಡುಗೊರೆಗಳು ಸಂಬಳಕ್ಕೆ ಬದಲಿಯಾಗಲಾರವು.

ಸುಗ್ಗಿ ಮುಗಿದೊಡನೆ ಮಾಲೀಕರು ವ್ಯವಸ್ಥಾಪಕರೊಡನೆ ಕುಳಿತು, ವಸೂಲಾದ ಬಾಕಿ, ತಪ್ಪಿದ ನಷ್ಟ, ಗಳಿಸಿದ ಗಿರಾಕಿಗಳನ್ನು ಲೆಕ್ಕಹಾಕಿ, ಮುಂದಿನ ವರ್ಷದ ಸಂಬಳವನ್ನು ಬರಹದಲ್ಲಿ ನಿಗದಿಪಡಿಸುವುದು ಒಳಿತು. ಏರಿಕೆ ಅಲ್ಪವಾದರೂ ಅದರ ಕಾರಣ ಅವರಿಗೆ ತಿಳಿದಿರಲಿ.